ಯಾರ ತಲೆಯ ಹೇನು

ಲಗ್ಗೆರೆ
೨೬ ಜನವರಿ ೨೦೨೫

ಲೋಕೇಶ್ ಅವರಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ಇಲ್ಲಿ ನಮ್ಮವ್ವನ ತಂಗಿ ರುಕ್ಮವ್ವ ಚಿಗವ್ವನ ರೂಮಿನಲ್ಲಿದ್ದೇನೆ. ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿದೆ.

ಎಲೆಕ್ಟ್ರಾನಿಕ್ ಸಿಟಿ ಹಿಂದಿನ ನಿಮ್ಮ ಕೊಟ್ಟಿಗೆಯಲ್ಲಿ ಹಸುಗಳು ಮತ್ತೆ ಗೋಡೆಗೆ ಮೈ ತಿಕ್ಕುತ್ತಿವೆಯಂತೆ. ಕುತ್ತಿಗೆಯ ಕೂದಲು ಉದುರಿ ಚರ್ಮ ಕಾಣುತ್ತಿದೆಯಂತೆ, ಹಾಲೂ ಇಳಿದಿದೆಯಂತೆ. ನಿಮ್ಮ ಬಾಡಿಗೆ ಮನೆಯ ಶಿವಲಿಂಗಮ್ಮ ಫೋನ್ ಮಾಡಿದ್ದಳು. ಕೇಳಿ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಡಿಸೆಂಬರಿನಲ್ಲಿ ಮೊದಲ ಸಲ ಹಸುಗಳಿಗೆ ಹೇನು ಬಿದ್ದಾಗ ನಿಮ್ಮಮ್ಮ ಅಂಗಳದಲ್ಲಿ ನಿಂತು, "ಶೆಡ್ಡಲ್ಲಿ ಬೆಳೆದವಳು ಕಣೋ, ಇವಳ ತಲೆ ಹೇನೇ ಅಸುಗೆ ಅತ್ತಿರೋದು. ಮೊದ್ಲು ಕೂದ್ಲು ಕತ್ತರ್ಸು" ಅಂದರು. ನಮ್ಮಪ್ಪ ಯಾದಗಿರಿಯಿಂದ ಬಂದು ನಿಮ್ಮ ಬಾಡಿಗೆ ಮನೆಗಳನ್ನು ಕಟ್ಟಿದ ಗಾರೆ ಕೆಲಸದವ. ಕೂಲಿಯವರ ಆ ಶೆಡ್ಡಿಗೇ ಬಂದು ನನ್ನ ಜಡೆ ಹೊಗಳಿ ಮದುವೆಯಾದವರು ನೀವು. ಅವತ್ತು ನಿಮ್ಮಮ್ಮ ಕತ್ತರಿ ಆಡಿಸುವಾಗ ನನ್ನ ಕೈ ಬಿಗಿಯಾಗಿ ಹಿಡಿದವರೂ ನೀವೇ. "ಸುಮ್ನೆ ಕೂತ್ಕೋ ನೀಲಾ, ಅಮ್ಮಂಗೆ ಸಮಾಧಾನ ಆಗ್ಲಿ" ಅಂದಿರಿ. ಹಾಲಿಗೆ ಬಂದವರೆಲ್ಲ ಕ್ಯಾನ್ ಹಿಡಿದು ನೋಡುತ್ತಿದ್ದರು.

ಮಾರನೇ ದಿನ ಹೇನಿದ್ದ ಹಸುವಿನ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರ್ ಆಶಾರಾಣಿ ನೋಡಿ, ದನದ ಹೇನೇ ಬೇರೆ, ಮನುಷ್ಯರ ತಲೆಯದು ದನದ ಮೈಮೇಲೆ ಬದುಕುವುದಿಲ್ಲ ಅಂದರು. ಹೊಸದಾಗಿ ಹಸು ತಂದಿರಾ ಅಂತ ಕೇಳಿದರು. ತಂದಿದ್ದಿರಲ್ಲಾ, ದಲ್ಲಾಳಿಯಿಂದ, ಆ ಕಪ್ಪು ಹಸು! ಬಂದು ಹೇಳಿದರೆ ನೀವು ಮೊಬೈಲಿನಿಂದ ತಲೆ ಎತ್ತಲಿಲ್ಲ. ಡಾಕ್ಟರ್ ಕೊಟ್ಟ ಔಷಧಿ ಬಾಟಲಿ ನಿಮ್ಮ ಕೈಗಿಟ್ಟು, ಎಲ್ಲ ದನಕ್ಕೂ ಹಚ್ಚಿ ಅಂದು ಮನೆ ಬಿಟ್ಟೆ.

ಈಗ ನಾನು ಆ ಮನೆಯಲ್ಲಿಲ್ಲ. ಹೇನು ಮತ್ತೆ ಬಂದಿದೆ. ಈ ಸಲ ಯಾರ ಕೂದಲು ಕತ್ತರಿಸುತ್ತೀರಿ? ನಿಮ್ಮಮ್ಮನನ್ನು ಕೇಳಿ ನೋಡಿ.

ಇಂತಿ,
ಮರೆಪ್ಪನ ಮಗಳು ನೀಲಾಂಬಿಕಾ

ಇನ್ನೊಂದು ಮಾತು: ಆ ಔಷಧಿಗೆ ಹೇನು ಸತ್ತರೂ ಅದರ ಮೊಟ್ಟೆ, ಸೀರು, ಸಾಯುವುದಿಲ್ಲ, ಎರಡು ವಾರ ಬಿಟ್ಟು ಮತ್ತೆ ಹಚ್ಚಲೇಬೇಕು ಅಂತ ಡಾಕ್ಟರ್ ಒತ್ತಿ ಹೇಳಿದ್ದರು. ನಾನು ಬೇಕಂತಲೇ ನಿಮಗೆ ಹೇಳಲಿಲ್ಲ. ಕೊಟ್ಟಿಗೆಯಲ್ಲಿರುವ ಎಳೆ ಕರುವನ್ನು ನೆನೆದರೆ ಮಾತ್ರ ಸಂಕಟವಾಗುತ್ತದೆ, ಅದಕ್ಕೇ ಡಾಕ್ಟರನ್ನು ಕರೆದಿದ್ದೇನೆ. ಶನಿವಾರ ಬೆಳಿಗ್ಗೆ, ಹಾಲಿಗೆ ಜನ ಸೇರುವ ಹೊತ್ತಿಗೇ ಬರುತ್ತಾರೆ. ಹೇನು ಎಲ್ಲಿಂದ ಬಂತು ಅನ್ನುವುದನ್ನು ಅಂಗಳದಲ್ಲಿ ನಿಂತೇ ಹೇಳಿ ಅಂದಿದ್ದೇನೆ. ಜೊತೆಗೆ ನಾನೂ ಬರುತ್ತೇನೆ, ತಲೆ ಮುಚ್ಚಿಕೊಳ್ಳದೆ.