ಸಮುದ್ರಕ್ಕಿಳಿದ ಕಂಬಿ

ಅಲ್ ಖೋರ್, ಕತಾರ್,
12 ಫೆಬ್ರವರಿ 2009

ಪ್ರೀತಿಯ ಅಪ್ಪನಿಗೆ,

ಮಗಳ ನಮಸ್ಕಾರ. ನಮ್ಮ ದೋಣಿಗೆ ಕೊಡಲಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ. ಫೋನಿನಲ್ಲಿ ಹೇಳಹೊರಟರೆ ನೀವು ಅರ್ಧಕ್ಕೇ "ಆಯ್ತು, ಆಯ್ತು" ಎನ್ನುತ್ತೀರಿ. ಹಾಗಾಗಿ ಊರಿಗೆ ಹೊರಟಿರುವ ಪಕ್ಕದ ಮನೆಯ ಆಸಿಯಾ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ರಿಪೇರಿಗೆಂದು ಹೊಳೆಯ ಮೇಲ್ಗಡೆ ಒಯ್ದ ದೋಣಿ, ಕಿಂಡಿ ಅಣೆಕಟ್ಟು ಎದ್ದ ಮೇಲೆ ಅಲ್ಲೇ ಸಿಕ್ಕಿಬಿದ್ದಿದೆ. ಕಿಂಡಿಯಲ್ಲಿ ತೂರದು, ದಂಡೆಯ ಮೇಲೆ ಎಳೆದರೆ ಹಲಗೆ ಬಾಯಿ ಬಿಡುತ್ತದೆ, ಒಡೆದು ಮರ ಮಾರುವುದೊಂದೇ ದಾರಿ ಎಂದಿದ್ದಿರಿ. ನಾನು ಇನ್ನೊಂದು ದಾರಿ ನೋಡಿ ಬಂದೆ.

ಮಂಗಳವಾರ ಬೆಳಿಗ್ಗೆ ನಿಮ್ಮ ಅಳಿಯ ನನ್ನನ್ನು ಇಲ್ಲಿಯ ಮೀನುಗಾರರ ಬಂದರಿಗೆ ಕರೆದೊಯ್ದರು. ರೈಲೇ ಇಲ್ಲದ ಈ ದೇಶದಲ್ಲಿ ಎರಡು ರೈಲು ಕಂಬಿಗಳು ದಡದಿಂದ ಸೀದಾ ಸಮುದ್ರದೊಳಗೆ ಇಳಿದಿದ್ದವು! ಅವುಗಳ ಮೇಲೆ ಕಬ್ಬಿಣದ ಗಾಡಿಯೊಂದು ಇಳಿದು ನೀರಿನಲ್ಲಿ ಮುಳುಗಿತು. ಮೂಲೆಯ ಕಂಬಗಳಷ್ಟೇ ಕಾಣುತ್ತಿದ್ದವು. ದೊಡ್ಡ ಮರದ ದೋಣಿ ತೇಲುತ್ತಾ ಬಂದು ಅವುಗಳ ನಡುವೆ ನಿಂತಿತು. ಹಗ್ಗ ಹಿಡಿಯಲು ಜನ ಸಾಲದೆ ಇವರೂ ಕೈಹಾಕಿದರು. ನಮ್ಮ ಕಡೆಯ ಅಭ್ಯಾಸ ಬಿಟ್ಟೀತೇ? "ಐಸಾ" ಎಂದು ಎಳೆದೇಬಿಟ್ಟರು. ದೋಣಿ ಓರೆಯಾಗಿ ಕಂಬಕ್ಕೆ ಗುದ್ದಿತು.

ಅಲ್ಲಿಯ ಮೇಸ್ತ್ರಿ ಸೆಲೆಸ್ಟಿನ್ ನಮ್ಮ ಮಲ್ಪೆಯವರೇ. "ಎಳೀಬೇಡಿ ಮಾರಾಯ್ರೆ, ಇದೇನು ಕೋಣವಾ? ಸುಮ್ನೆ ಹಿಡ್ಕೊಂಡು ನಿಲ್ಲಿ. ಗಾಡಿಯೇ ಅಡಿಯಿಂದ ಬಂದು ಹೊತ್ಕೊಳ್ತದೆ" ಎಂದರು.

ಹಾಗೆಯೇ ಆಯಿತು. ಯಂತ್ರ ಗಾಡಿಯನ್ನು ಮೇಲೆಳೆದಂತೆ ದೋಣಿ ಅದರ ಮಡಿಲಲ್ಲಿ ಕೂತು, ನೀರು ಸುರಿಸುತ್ತಾ ದಡಕ್ಕೆ ಬಂತು. ಒಂದು ಹಲಗೆಯೂ ಕಿರುಗುಟ್ಟಲಿಲ್ಲ.

ಅಪ್ಪ, ನಮ್ಮೂರ ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಸಾಗಿಸುತ್ತಿದ್ದ ಟ್ರಾಲಿ, ಕಂಬಿಗಳು ಇನ್ನೂ ಬಿದ್ದಿವೆಯಲ್ಲ? ಕಾವಲಿನ ಕಜೆತಾನ್ ಮಾಮನನ್ನು ಕೇಳಿ. ಅಣೆಕಟ್ಟಿನ ಪಕ್ಕದ ದಂಡೆಯ ಮೇಲೆ ಕಂಬಿ ಹಾಸಿ, ಟ್ರಾಲಿಗಳನ್ನು ಜೋಡಿಸಿ ಮೇಲ್ಗಡೆಯ ನೀರಿಗೆ ಇಳಿಸಿ. ದೋಣಿಯನ್ನು ಅವುಗಳ ಮೇಲಕ್ಕೆ ತೇಲಿಸಿ ತಂದು, ಗಾಡಿ ಸಮೇತ ದಂಡೆ ದಾಟಿಸಿ. ಕಂಬಿ ಸಾಲದಿದ್ದರೆ ಹಿಂದಿನದನ್ನು ಕಿತ್ತು ಮುಂದೆ ಹಾಸುತ್ತಾ ಹೋದರಾಯಿತಂತೆ, ಸೆಲೆಸ್ಟಿನ್ ಹೇಳಿದ್ದು. ಅಣೆಕಟ್ಟಿನ ಕೆಳಗಡೆಗೆ ಮುಟ್ಟಿದ ಮೇಲೆ ಉಬ್ಬರಕ್ಕೆ ಕಾದರೆ ದೋಣಿ ತಾನೇ ಏಳುತ್ತದೆ. "ಐಸಾ" ಕೂಗುವವರು ಬೇಕೇ ಬೇಕು. ಆದರೆ ಎಳೆಯುವುದು ಗಾಡಿಯನ್ನು, ದೋಣಿಯನ್ನಲ್ಲ.

ನಿಮ್ಮ ಉತ್ತರಕ್ಕಿಂತ ಮೊದಲು ದೋಣಿ ಉಳಿದ ಸುದ್ದಿ ಬರಲಿ.

ನಿಮ್ಮ ಮಗಳು,
ಭವ್ಯಶ್ರೀ

ತಾ.ಕ.: ಮಂಗಳವಾರ ಅಳಿಯನಿಗೆ ಬಿಡುವು ಹೇಗೆ ಸಿಕ್ಕಿತೆಂದು ಅಮ್ಮ ಕೇಳಿಯೇ ಕೇಳುತ್ತಾರೆ. ಕಂಪೆನಿಯ ಬಸ್ಸು ಈ ತಿಂಗಳಿನಿಂದ ಇವರಿಗಾಗಿ ನಿಲ್ಲುತ್ತಿಲ್ಲ. ಕೆಲಸ ಖಲಾಸ್. ಏಪ್ರಿಲ್‌ನ ಬಿಸು ಹಬ್ಬಕ್ಕೆ ಮೊದಲೇ ಊರಿಗೆ ಬರುತ್ತೇವೆ. ದೋಣಿ ಮತ್ತೆ ಕಡಲಿಗೆ ಇಳಿದರೆ ಮಾವನಿಗೆ ಜೊತೆಗೊಬ್ಬರು ಬೇಕಾಗಬಹುದಲ್ಲವೇ ಎಂದು ಇವರೇ ಕೇಳಿದರು, ನನ್ನ ಮುಖ ನೋಡದೆ.