ಟಿಪ್ಪರಿನ ಫೈಲಿನಾಗಿದ್ದ ಕಾರ್ಡು

ರೀ,

ಎಂಟೂವರಿ ಬಸ್ಸಿಗೆ ಬಳ್ಳಾರಿ ಬ್ಯಾಂಕಿಗೆ ಹೊಂಟೀನಿ. ಅದಿರು ಇಳಿಸಿ ಬಂದವ್ರು ಮೊದ್ಲು ಉಣ್ರಿ, ರೊಟ್ಟಿ ಬುಟ್ಟ್ಯಾಗ ಅದಾವು.

ನಿಮ್ಮ ಕ್ರೆಡಿಟ್ ಕಾರ್ಡು ಫೋನ್ ಮಾಡಿ ಬಂದ್ ಮಾಡಿಸೀನಿ. ಟೈರ್ ಬುಕ್ ಮಾಡ್ತೀವಿ ಅಂತ ಮೇಲ್ ಕಳಿಸಿದಾವ ಕಳ್ಳ. ಆರ್‌ಸಿ, ಪರ್ಮಿಟ್ ಜೋಡಿ ಕಾರ್ಡಿಂದೂ ಎರಡೂ ಕಡಿ ಝರಾಕ್ಸ್ ಮಾಡಿಸಿ ಟಿಪ್ಪರಿನ ಫೈಲಿನಾಗ ಇಟ್ಟಿದ್ರಿ. ಅದನ್ನ ಕುರುಗೋಡಿನ ನೆಟ್ ಸೆಂಟರ್‌ನಾಗ ಸ್ಕ್ಯಾನ್ ಮಾಡಿಸಿ ಅವಗ ಕಳಿಸೀರಿ. ಚೆಕ್‌ಪೋಸ್ಟಿನಾಗ ಕಾಗದ ತೋರಿಸಿದಂಗ ಅಂದ್ಕೊಂಡ್ರೇನು? ಕಾರ್ಡಿನ ಬೆನ್ನಿನ ಮ್ಯಾಲಿನ ಮೂರು ಅಂಕಿ ಯಾರಿಗೂ ಕಳಿಸಬಾರ್ದು. ಉಳಿದ ಝರಾಕ್ಸ್ ಎಲ್ಲಾ ಈಗ್ಲೇ ಒಲಿಗೆ ಹಾಕ್ರಿ. ಆ ಮೇಲ್ ಮತ್ತ ಬಂದ್ರ ತೆಗೀಬ್ಯಾಡ್ರಿ. ರಾತ್ರಿಯೆಲ್ಲಾ ನನಗ ಕಣ್ಣು ಹತ್ತಿಲ್ಲ.

ನೀವು ಆ ಕಳ್ಳಗ ಬರದ ಮೇಲ್‌ನ ಪ್ರಿಂಟು ನಿಮ್ಮ ಅಂಗಿ ಜೇಬಿನಾಗ ಸಿಕ್ತು. ಕೆಳಗ ಕಾರ್ಡಿನ ಪಾಸ್‌ವರ್ಡೂ ಕೊಟ್ಟೀರಿ: ಗುರುಬಸಮ್ಮ.

ಲಗ್ನ ಆಗಿ ಹನ್ನೊಂದು ವರ್ಷ ಆತು. "ಏ, ಇಲ್ಲಿ ಕೇಳ್" ಅನ್ನೋದು ಬಿಟ್ರ ನನ್ನ ಹೆಸರು ನಿಮ್ಮ ಬಾಯಾಗ ಒಮ್ಮಿನೂ ಬಂದಿಲ್ಲ. ಯಾರೋ ಕಳ್ಳಗ ಅಕ್ಷರ ತಪ್ಪದಂಗ ಬರದು ಕೊಟ್ಟೀರಿ. ಬೈಯಾಕ ಅಂತ ಕುಂತಾಕಿ ಆ ಹಾಳಿ ಮಡಚಿ ನನ್ನ ಚೀಲದಾಗ ಇಟ್ಕೊಂಡೆ.

ಬಸ್ ಬರೋ ಹೊತ್ತಾತು. ಹೊಸ ಕಾರ್ಡಿಗೆ ಬ್ಯಾರೆ ಏನರ ಪಾಸ್‌ವರ್ಡ್ ಇಡ್ರಿ. ಆ ಹೆಸರು ಹಿಡ್ದು ಮನ್ಯಾಗ ನನ್ನ ಕರೀರಿ.