ಕೂಗುವ ಮೊದಲೇ ತಲೆ ತಗ್ಗಿಸಿದವನು

ಮಂಗಳವಾರ, ಮಾರ್ಚ್ ೧೧

ಆ ಕನ್ನಡಕದವನು ತಲೆಯಿಂದ ಹೋಗುತ್ತಿಲ್ಲ. "ಹಾಯಿದೋಣಿ ಹತ್ತೋದು ಇದೇ ಮೊದಲು ಸಾರ್" ಎಂದಿದ್ದ. ನದಿಯ ನಡುವೆ ಹಾಯಿ ತಿರುಗಿಸಿದಾಗ ಅದರ ಅಡ್ಡಮರ ತಲೆಯ ಮೇಲೆಯೇ ಬೀಸಿ ಬರುತ್ತದೆ. ಚುಕ್ಕಾಣಿ ಹಿಡಿದ ತಮ್ಮ "ಬಗ್ಗಿ!" ಎಂದು ಕೂಗಿದರೂ ಹೊಸಬರು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಇವನು ಫೋನ್ ನೋಡುತ್ತಲೇ, ಕೂಗುವ ಮೊದಲೇ ತಲೆ ತಗ್ಗಿಸಿದ! ನಮ್ಮ ದೋಣಿಕಟ್ಟೆಯ ಮೇಲೆ ಕಣ್ಣಿಟ್ಟಿರುವ ಮೋಟಾರು ಬೋಟಿನವರ ಕಡೆಯವನೇ ಇರಬೇಕು.

ಸಂಜೆ ನೀರಿನ ಇಳಿತದಲ್ಲಿ ದೋಣಿ ಕಟ್ಟುತ್ತಾ ತಮ್ಮನಿಗೆ ಹೇಳಿದರೆ ನಕ್ಕುಬಿಟ್ಟ. "ನಿಂಗೆ ನಿನ್ನ ನೆರಳಿನ ಮೇಲೂ ಅನುಮಾನ, ಅಣ್ಣಾ."

ಇರಲಿ ಎಂದು ಮಲಗಿದೆ, ನಿದ್ದೆ ಹತ್ತಲಿಲ್ಲ. ಹೊಸಬರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅಡ್ಡಮರ ಎತ್ತ ಬೀಸುತ್ತದೆಂದು ತೋರಿಸದೆ ತಮ್ಮ ಎಂದೂ ಹಗ್ಗ ಬಿಚ್ಚಿದವನಲ್ಲ. ಇವತ್ತೂ ಎಲ್ಲರಿಗೂ ತೋರಿಸಿದ.

ಆ ಕನ್ನಡಕದವನೊಬ್ಬನನ್ನು ಬಿಟ್ಟು.